ಹತ್ತು ರೂಪಾಯಿಗೆ ಮುಕ್ಕಾಲು ತಾಸಿನ ಕಿವಿ

ಬಾಯಿ ಮಾಡುವವರಿಗೆ ಜಗತ್ತು ಹಣ ಕೊಡುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷದಿಂದ ಜೇವರ್ಗಿಯ ಮಾರುಕಟ್ಟೆಯಲ್ಲಿ ತೊಗರಿಯ ಹರಾಜಿನ ಸವಾಲು ಕೂಗಿಯೇ ಸಂಸಾರ ನಡೆಸಿದ್ದೇನೆ. ಆದರೆ ಸುಮ್ಮನೆ ಕೂತು ಕೇಳಿಸಿಕೊಳ್ಳುವುದೂ ಒಂದು ನೌಕರಿ, ಅದಕ್ಕೂ ಓದು, ಪರೀಕ್ಷೆ, ಸರ್ಕಾರಿ ಕುರ್ಚಿ ಇವೆಯೆಂದು ತಿಳಿದದ್ದು ಈ ವರ್ಷವೇ. ತಿಳಿದಾಗ ತೆರೆದ ಬಾಯಿ ಇನ್ನೂ ಪೂರಾ ಮುಚ್ಚಿಲ್ಲ.

ಆದದ್ದಿಷ್ಟು. ಅಣ್ಣ ತೀರಿಕೊಂಡ ಮೇಲೆ ನನ್ನ ಗಂಟಲು ಕೈಕೊಟ್ಟಿತು. ‘ಒಂದು ಸಲ, ಎರಡು ಸಲ’ ಎನ್ನುವವರೆಗೆ ಸರಿ. ‘ಮೂರು ಸಲ’ ಎಂದು ಮಾಲು ಮುಗಿಸುವಷ್ಟರಲ್ಲಿ ದನಿ ಸಿಕ್ಕಿಕೊಳ್ಳುವುದು. ಖರೀದಿದಾರರು ಮುಖ ಮುಖ ನೋಡುವರು. ನನ್ನನ್ನು ಕೂಗಲು ಇಟ್ಟುಕೊಂಡ ಅಡತಿ ಅಂಗಡಿಯ ಸಾಹುಕಾರರು, “ಸುಗ್ಗಿಗಿ ಬ್ಯಾರೆಯವರ್ನ ನೋಡ್ಬೇಕಾಗ್ತದ ನೋಡ್ರಿ” ಎಂದು ಮೆತ್ತಗೆ ಅಂದರು. ಡಾಕ್ಟರು ಬಾಯೊಳಗೆ ಟಾರ್ಚು ಬಿಟ್ಟು, “ಗಂಟಲ್ದಾಗ ಏನೂ ಇಲ್ರಿ. ಮಂಗಳವಾರ ಸರ್ಕಾರಿ ದವಾಖಾನಿಗಿ ಮನಸಿನ ಮೇಡಂ ಬರ್ತಾರ, ತೋರಿಸ್ರಿ” ಎಂದರು. ನನಗೆ ಸಿಟ್ಟು ಬಂತು. ಹೆಂಡತಿ ಮಹಾದೇವಿಗೆ ಬರಲಿಲ್ಲ. ಆಕೆ ಮಂಗಳವಾರ ಬೆಳಿಗ್ಗೆಯೇ ನನ್ನ ಅಂಗಿಗೆ ಇಸ್ತ್ರಿ ಹಾಕಿಟ್ಟಿದ್ದಳು.

ಚೀಟಿಗೆ ಹತ್ತು ರೂಪಾಯಿ. ಮುಕ್ಕಾಲು ತಾಸಿಗೆ ಬರೀ ಹತ್ತು! ಕಲಬುರಗಿಯಲ್ಲಿ ಇದಕ್ಕೇ ನೂರು ಪಟ್ಟು ಹಿಡಿಯುತ್ತಾರೆ ಎಂದ ಚೀಟಿ ಬರೆಯುವವ. ಜೀವಮಾನವೆಲ್ಲ ದರ ಏರಿಸಿದ ನಾಲಿಗೆ ಸುಮ್ಮನಿದ್ದೀತೇ? “ಐವತ್ತಾದ್ರೂ ತಗೋರಿ, ಮನಸಿಗಿ ಒಂದು ಕಿಮ್ಮತ್ತು ಬ್ಯಾಡೇನ್ರಿ?” ಎಂದು ಶುರುಮಾಡಿದೆ. “ಇಲ್ಲಿ ಸವಾಲ್ ನಡ್ಯಂಗಿಲ್ರಿ ಕಾಕಾ, ಹಿಂದಿನವರಿಗಿ ಜಾಗ ಬಿಡ್ರಿ” ಎಂದ.

ಮೇಡಂ ಎಂದರೆ ನನ್ನ ಮಗಳ ವಯಸ್ಸಿನ ಹುಡುಗಿ. “ಹ್ಯಾಂಗದೀರಿ?” ಎಂದಳು. “ಆರಾಮ್ರಿ. ನೀವು ಹ್ಯಾಂಗದೀರಿ?” ಎಂದೆ. ನಮ್ಮ ಕಡೆ ಎದುರಿಗೆ ಕೂತವರ ಊರು, ಮನೆತನ ವಿಚಾರಿಸದೆ ಸ್ವಂತ ಕಷ್ಟ ಬಿಚ್ಚುವುದು ಮರ್ಯಾದೆಯಲ್ಲ. “ಯಾವೂರವ್ವಾ? ಯಾರ ಪೈಕಿ?” ಎಂದು ಹಿಡಿದೆ. ಆಳಂದ ಕಡೆಯ ಸರಸಂಬಾ, ಸೋದರಮಾವ ಅಫಜಲಪುರದ ಅತನೂರಿನವ, ಮದುವೆ ಇನ್ನೂ ಆಗಿಲ್ಲ. ಇಷ್ಟನ್ನೂ ಬಿಡಿಸಿಕೊಂಡು, ಅತನೂರಿನ ಗೆಳೆಯನಿಗೆ ಫೋನು ಹಚ್ಚಿ ಒಂದು ವರನ ಸುದ್ದಿ ತೆಗೆಯುವಷ್ಟರಲ್ಲಿ ನನ್ನ ವೇಳೆ ಮುಗಿಯಿತು. “ಮುಂದಿನ ವಾರ ನಿಮ್ಮ ಬಗ್ಗೆ ಮಾತಾಡೋಣ್ರಿ” ಎಂದು ನಕ್ಕಳು.

ಮುಂದಿನ ವಾರ ಆಕೆ ನನಗೆ ತಪ್ಪಿಸಿಕೊಳ್ಳಲು ದಾರಿ ಬಿಡಲಿಲ್ಲ. ದನಿ ಯಾವಾಗಿನಿಂದ ಕೈಕೊಟ್ಟಿತೆಂದು ಮೊದಲು ಕೇಳಿ ತಿಳಿದುಕೊಂಡು, “ಅಣ್ಣಾರು ಹೋದ ದಿನ ನೀವೇನ್ ಮಾಡಾಕತ್ತಿದ್ರಿ?” ಎಂದಳು. ಹೇಳಿದೆ: ದೊಡ್ಡ ದನಿಯವನೆಂದು ಎಲ್ಲ ನನ್ನ ಕೊರಳಿಗೇ ಬಿತ್ತು. ಜಂಗಮರನ್ನು ಕರೆಸು, ಕುಣಿ ತೋಡಿಸು, ಪೆಂಡಾಲು ಹಾಕಿಸು, ಅತ್ತಿಗೆಗೆ ಸಮಾಧಾನ ಹೇಳು. “ಮತ್ತ ನೀವು ಅತ್ತದ್ದು ಯಾವಾಗ್ರಿ?” ಪುರಸೊತ್ತು ಸಿಕ್ಕಿರಲಿಲ್ಲ. ಹಾಗೆನ್ನಲು ಬಾಯಿ ತೆರೆದವನು ಗೋಳೋ ಎಂದು ಅತ್ತುಬಿಟ್ಟೆ. ಆ ಹುಡುಗಿ ‘ಸುಮ್ಮನಾಗ್ರಿ’ ಎನ್ನಲಿಲ್ಲ, ‘ಎಲ್ಲಾ ಶಿವನಿಚ್ಛಾ’ ಎನ್ನಲಿಲ್ಲ, ತನ್ನ ಮನೆಯ ಸಾವಿನ ಕತೆ ತೆಗೆಯಲಿಲ್ಲ. ಕೇಳಿದಳು, ಅಷ್ಟೇ. ಅಬ್ಬಾ! ಇಷ್ಟು ವರ್ಷ ಸಾವಿರ ಜನರ ನಡುವೆ ಕೂಗಿದ್ದೇನೆ, ಒಬ್ಬರೂ ಹೀಗೆ ಕೇಳಿದ್ದನ್ನು ನೋಡಿರಲಿಲ್ಲ. ಎದ್ದು ಕೈಮುಗಿದೆ.

ಐದನೆಯ ಮಂಗಳವಾರದ ಮರುದಿನ ‘ಮೂರು ಸಲ’ ಸಲೀಸಾಗಿ ಹೊರಬಿತ್ತು. ಸಾಹುಕಾರರು ಕೂತಲ್ಲಿಂದಲೇ ಭೇಷ್ ಎಂಬಂತೆ ಕೈ ಎತ್ತಿದರು. ಮನೆಗೆ ಬಂದವನೇ, ಕೇಳುವುದೆಂದರೆ ಎಂಥ ದೊಡ್ಡ ವಿದ್ಯೆ ಎಂದು ಮಹಾದೇವಿಗೆ ಒಂದು ತಾಸು ಭಾಷಣ ಮಾಡಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ನಿಮ್ಮಣ್ಣಾರು ನನಗೂ ತವರಿನ ಅಣ್ಣನ ಹಂಗ ಇದ್ರು ರೀ. ನಿಮ್ಮನ್ನ ನೋಡ್ಕೊಳ್ಳೋದ್ರಾಗ ನನಗ ಅಳಾಕ…” ಎಂದಳು.

“ಹಂಗಾದ್ರ ನೀ ಏನ್ ಮಾಡ್ಬೇಕಂದ್ರ,” ಎಂದು ನಾನು ಶುರುಮಾಡಿ, ಮೂರು ಉಪಾಯ ಹೇಳಿ, ನಮ್ಮ ಚಿಕ್ಕಪ್ಪ ಸತ್ತಾಗಿನ ಕತೆಯನ್ನೂ ಸೇರಿಸಿದೆ. ಮುಗಿಯುವ ತನಕ ಮಹಾದೇವಿ ಕಾದಳು. ಆಮೇಲೆ ಕೈಯ ಹಿಟ್ಟು ಕೊಡವಿಕೊಂಡು ಅಂದಳು:

“ಮಂಗಳವಾರ ನಂದೂ ಒಂದು ಚೀಟಿ ಮಾಡಿಸ್ರಿ.”