ಸಿಗಡಿಗೆ ಸೇಮಿಗೆ

ವಿಟ್ಲದ ಹತ್ತಿರ ಮುನವ್ವರನ ಹಿತ್ತಿಲಲ್ಲಿದ್ದ ಸಿಗಡಿ ಹೊಂಡದ ಮೇಲೆ ಪಂಚಾಯತಿಗೆ ದೂರು ಕೊಟ್ಟವನು ಪಕ್ಕದ ಮನೆಯ ಧರ್ಣಪ್ಪ. ಸಿಗಡಿಗೆ ಹಾಕುವ ಮೀನಿನ ಹುಡಿಯ ನಾತಕ್ಕೆ ಅವನಿಗೆ ಊಟ ಸೇರುವುದಿಲ್ಲವಂತೆ. ಬಂಗುಡೆ ಸಾರಿಲ್ಲದೆ ಅನ್ನ ಮುಟ್ಟದವನ ಮೂಗಿಗೆ ಇಷ್ಟು ಮಡಿ ಎಲ್ಲಿಂದ ಬಂತೋ! ಸಂಜೆ ಪಂಚಾಯತ್ ಸದಸ್ಯ ಸುಬ್ಬಪ್ಪ ಬಂದು ಮೂಸಿ ನೋಡುವವರಿದ್ದರು. ಮೀನಿನ ನಾತವಿದ್ದರೆ ಹೊಂಡ ಮುಚ್ಚಬೇಕು. ದುಬೈ ಬಿಟ್ಟು ಬಂದ ಮುನವ್ವರನಿಗೆ ಇದ್ದ ದುಡಿಮೆ ಅದೊಂದೇ.

ಬೆಳಿಗ್ಗೆಯೇ ಅವನು ಉಳಿದ ಹುಡಿಯನ್ನೆಲ್ಲ ಹೊತ್ತುಕೊಂಡು ಧರ್ಣಪ್ಪನ ಮನೆಗೇ ಹೋದ.

"ತೆಂಗಿಗೆ ಒಳ್ಳೆಯ ಗೊಬ್ಬರ ಧರ್ಣಪ್ಪಣ್ಣ, ಇಟ್ಟುಕೊಳ್ಳಿ. ಇನ್ನು ನನ್ನ ಸಿಗಡಿಗೆ ಸೋಯಾ ಹಿಂಡಿ ಮಾತ್ರ."

ಪುಕ್ಕಟೆ ಸಿಕ್ಕಿದ್ದನ್ನು ಧರ್ಣಪ್ಪ ಬೇಡವೆನ್ನಲಿಲ್ಲ.

ಸೋಯಾದಲ್ಲಿ ಮೆಥಿಯೊನಿನ್ ಎಂಬ ಅಮೈನೋ ಆಮ್ಲ ಕಡಿಮೆ, ಅದನ್ನು ಬೇರೆಯಾಗಿ ಸೇರಿಸದಿದ್ದರೆ ಸಿಗಡಿ ಬೆಳೆಯುವುದಿಲ್ಲ ಎಂದು ಮೂಡುಬಿದಿರೆಯ ಮೇವಿನ ಅಂಗಡಿಯವನು ಅದರ ಬಿಳಿ ಪುಡಿ ಕೊಟ್ಟಿದ್ದ. ಅದಕ್ಕೂ ನಾತವಿದೆ ಎಂದು ಪುಣ್ಯಾತ್ಮ ಹೇಳಿರಲಿಲ್ಲ. ಮುನವ್ವರ್ ಸೋಯಾ ಹಿಟ್ಟಿಗೆ ಆ ಪುಡಿ ಬೆರೆಸಿ, ಬೇಯಿಸಿ, ಹೆಂಡತಿಯ ಸೇಮಿಗೆ ಮಣೆಯಲ್ಲಿ ಶಾವಿಗೆಯಂತೆ ಒತ್ತತೊಡಗಿದ. ಹಬೆಯ ಜೊತೆ ಕೊಳೆತ ಕೋಸಿನಂಥ ನಾತ ಎದ್ದು ಬೇಲಿ ದಾಟಿತು.

"ಅಯ್ಯೋ, ಗ್ಯಾಸ್ ಲೀಕ್!" ಎಂದು ಧರ್ಣಪ್ಪನ ಹೆಂಡತಿ ವಾರಿಜಾಕ್ಷಿ ಕಿರುಚಿದಳು.

ನೆರೆಕರೆಯ ಒಲೆಗಳೆಲ್ಲ ಆರಿದವು, ಸಿಲಿಂಡರುಗಳು ಅಂಗಳಕ್ಕೆ ಬಂದವು.

"ಗ್ಯಾಸ್ ಅಲ್ಲ ಮಾರಾಯ್ರೆ, ಸಿಗಡಿಯ ಊಟ!" ಎಂದು ಮುನವ್ವರ್ ಬೊಬ್ಬೆ ಹೊಡೆದ. ಕೇಳುವವರು ಯಾರು? ಯಾರೋ ಓಡಿ ಬಂದು ಅವನ ಒಲೆಗೂ ಒಂದು ಕೊಡ ನೀರು ಸುರಿದರು.

ಗಲಾಟೆಗೆ ಹೊರಬಂದ ಹೆಂಡತಿ ಖದೀಜ ಮಣೆ ನೋಡಿ ಕೆರಳಿದಳು. "ನಾಳೆ ನನ್ನ ತಂಗಿಯ ಮನೆಯವರು ಬರ್ತಾರೆ. ಇದರಲ್ಲೇ ಒತ್ತಿ ಬಡಿಸ್ಲಿಕ್ಕುಂಟಾ ನಾನು?"

ಸಂಜೆಯ ಹೊತ್ತಿಗೆ ಸಿಗಡಿಯ ಸೇಮಿಗೆ ಒಣಗಿತ್ತು, ನಾತವೂ ಇಳಿದಿತ್ತು. ಸುಬ್ಬಪ್ಪ ಮೂಗು ಅರಳಿಸಿಕೊಂಡು ಹೊಂಡಕ್ಕೆ ಸುತ್ತು ಬಂದರು.

"ಮೀನಿನ ವಾಸನೆ ಏನೂ ಇಲ್ಲವಲ್ಲ ಮಾರಾಯ."

ಮುನವ್ವರನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಗಾಳಿ ತಿರುಗಿತು. ಸುಬ್ಬಪ್ಪ ಟವೆಲಿನಿಂದ ಮೂಗು ಮುಚ್ಚಿಕೊಂಡು, ನಾತ ಬಂದ ಕಡೆಗೇ ನಡೆದು, ಹುಡಿ ಸುರಿದಿದ್ದ ಧರ್ಣಪ್ಪನ ತೆಂಗಿನ ಬುಡದಲ್ಲಿ ನಿಂತರು. ಧರ್ಣಪ್ಪ ಹಿಂದೆಯೇ ಓಡಿ ಬಂದ.

"ತೋಟ ನಿನ್ನದಲ್ವಾ ಧರ್ಣಪ್ಪ?"

"ತೋಟ ನನ್ನದು. ಹುಡಿ ಇವನದ್ದು. ಬೆಳಿಗ್ಗೆ ಇವನೇ ಹೊತ್ತು ತಂದದ್ದು, ಬೇಕಾದ್ರೆ ಕೇಳಿ."

ಮುನವ್ವರ್ ಇಲ್ಲವೆನ್ನುವುದು ಹೇಗೆ?

"ಹಾಗಾದ್ರೆ ದೂರು ಸರಿಯೇ ಉಂಟು," ಎಂದರು ಸುಬ್ಬಪ್ಪ ಟವೆಲಿನೊಳಗಿಂದ. "ಹೊಂಡ ಮುಚ್ಚುವ."

ಮುನವ್ವರ್ ದಂಡೆಯ ಮೇಲೆ ಕುಸಿದು ಕೂತ. ಖದೀಜ ಮಣೆ ತಂದು ಅವನ ಮಡಿಲಲ್ಲಿಟ್ಟಳು.

"ಹೇಗೂ ಇನ್ನು ಕೆಲಸ ಇಲ್ಲವಲ್ಲ. ಇದನ್ನು ತೊಳೆದು ಕೊಡಿ."