ಶಿವನಿಯ ಪ್ಲೇಗನ್ನು ನಾನು ಓದಿ ಹೇಳಿದ್ದು

ಮನುಷ್ಯರಿಗೆ ನಾನಾ ಬಗೆಯ ಚಪಲಗಳಿರುತ್ತವೆ. ಕೆಲವರಿಗೆ ನಾಲಿಗೆಯ ಚಪಲ, ಕೆಲವರಿಗೆ ಒಡವೆಯ ಚಪಲ. ನನಗಿದ್ದದ್ದು ಸುದ್ದಿಯ ಚಪಲ. ಇದು ಪಾಪವೆಂದು ಪಾದ್ರಿಗಳ ಯಾವ ಪ್ರಸಂಗದಲ್ಲೂ ಕೇಳಿದ ನೆನಪಿಲ್ಲ. ಬದಲಿಗೆ, ನಾನು ಕಲಿತ ಮಿಷನ್ ಬೋರ್ಡಿಂಗಿನ ದೊರೆಸಾನಿಯಮ್ಮ, ಕ್ರೈಸ್ತ ಗೃಹಿಣಿಯಾದವಳು ಒಲೆಯ ಮುಂದೆ ಕುಳಿತಿದ್ದರೂ ಲೋಕದ ಸಮಾಚಾರ ತಿಳಿದಿರಬೇಕು, ತಿಳಿಯದೆ ಪ್ರಾರ್ಥಿಸುವುದು ಹೇಗೆ, ಎನ್ನುತ್ತಿದ್ದರು. ಅದರಲ್ಲಿ ತಿಳಿಯುವುದನ್ನು ಮಾತ್ರ ನಾನು ಗಟ್ಟಿಯಾಗಿ ಹಿಡಿದುಕೊಂಡೆ. ವಿವೇಕದಿಂದ ತಿಳಿಯಬೇಕು ಎಂದೂ ಹೇಳಿದ್ದರೇನೋ. ಆ ಹೊತ್ತಿಗೆ ಊಟದ ಗಂಟೆ ಹೊಡೆದಿರಬೇಕು.

ನಮ್ಮವರು ಬೀರೂರು ಜಂಕ್ಷನ್ನಿನಲ್ಲಿ ಗೂಡ್ಸ್ ಗುಮಾಸ್ತರಾಗಿದ್ದರು. ಪತ್ರಿಕೆಗೆ ಚಂದಾ ಕಟ್ಟುವ ಜಾಯಮಾನ ಅವರದಲ್ಲ. ಆದರೆ ಗಾಡಿಯಲ್ಲಿ ಯಾರೋ ಬಿಟ್ಟುಹೋದದ್ದು, ಪಾರ್ಸೆಲ್ಲಿಗೆ ಸುತ್ತಿಬಂದದ್ದು, ಹೀಗೆ ಸಿಕ್ಕಿದ ಪತ್ರಿಕೆಗಳನ್ನೆಲ್ಲ ಒಂದು ಕಟ್ಟು ಮಾಡಿ ವಾರಕ್ಕೆರಡು ಸಲ ಮನೆಗೆ ತರುತ್ತಿದ್ದರು. ಆಗ ಯುರೋಪಿನಲ್ಲಿ ದೊಡ್ಡ ಯುದ್ಧ ನಡೆಯುತ್ತಿತ್ತು. ನಮ್ಮ ಮನೆಯಲ್ಲಿ ಅದು ಹಿಂದುಮುಂದಾಗಿ ನಡೆಯುತ್ತಿತ್ತು. ಸೋಮವಾರ ನಮ್ಮ ಕಡೆಯವರು ಗೆದ್ದ ಊರು ಬುಧವಾರದ ಕಟ್ಟಿನಲ್ಲಿ ಇನ್ನೂ ಶತ್ರುಗಳ ಕೈಯಲ್ಲೇ ಇರುತ್ತಿತ್ತು. ನಾನು ಎದೆಗುಂದದೆ ಸಂಜೆಯ ಪ್ರಾರ್ಥನೆಯಲ್ಲಿ ಅದನ್ನು ಮತ್ತೊಮ್ಮೆ ದೇವರಿಗೆ ಒಪ್ಪಿಸುತ್ತಿದ್ದೆ. ಒಬ್ಬೊಬ್ಬ ದೊರೆಯನ್ನೂ ಹೆಸರು ಹಿಡಿದು ಮುಗಿಸುವ ಹೊತ್ತಿಗೆ ನಮ್ಮವರು ಒಂದು ಕಣ್ಣು ಬಿಟ್ಟು, "ರೂತ್, ಮಿಕ್ಕ ರಾಜರು ನಾಳೆಗಿರಲಿ ಕಣೇ, ಸಾರು ಆರಿ ತಣ್ಣಗಾಯ್ತು" ಎನ್ನುತ್ತಿದ್ದರು.

ಅವರು ಹೀಗೆ ಉದಾಸೀನ ಮಾಡಿದರೇನಂತೆ, ನನ್ನ ವಿದ್ಯೆಗೆ ಬೆಲೆ ಕೊಡುವವರು ಪಕ್ಕದ ಮನೆಯಲ್ಲೇ ಇದ್ದರು. ಕೊಬ್ಬರಿ ವ್ಯಾಪಾರದವರ ಮನೆಯ ಸಿದ್ದಮ್ಮ. ಹಣೆ ತುಂಬ ವಿಭೂತಿ, ಕತ್ತಿನಲ್ಲಿ ಲಿಂಗದ ಕರಡಿಗೆ, ಕಂಕುಳಲ್ಲಿ ಹಾಲು ಕುಡಿಯುವ ಕೂಸು. ಅಕ್ಷರ ಬಾರದು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಮೊರದಲ್ಲಿ ಅಕ್ಕಿಯನ್ನೋ ಅವರೆಕಾಳನ್ನೋ ಹಾಕಿಕೊಂಡು ನಮ್ಮ ಜಗಲಿಗೆ ಬರುತ್ತಿದ್ದಳು. ಆಕೆ ಕಲ್ಲು ಆರಿಸುತ್ತಿದ್ದಳು, ನಾನು ಓದಿ ಹೇಳುತ್ತಿದ್ದೆ. "ಅಲ್ಲಾ ರೂತಮ್ಮೋರೆ, ಅಷ್ಟು ದೂರದ್ದು ನಿಮ್ಗೆ ಹೆಂಗ್ ಗೊತ್ತಾಯ್ತದೆ!" ಎಂದು ಆಕೆ ಬಾಯಿಮೇಲೆ ಬೆರಳಿಡುವುದನ್ನು ನೋಡಲಿಕ್ಕೆಂದೇ ನಾನು ಕೆಲವು ದಿನ ಯುದ್ಧಕ್ಕೆ ಸ್ವಲ್ಪ ಉಪ್ಪುಖಾರ ಹಚ್ಚಿದ್ದೂ ಉಂಟು. ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಒಂದು ಸೋಮವಾರ ಸಿದ್ದಮ್ಮ ಮೊರವಿಲ್ಲದೆ ಬಂದಳು. "ನಮ್ಮವ್ವುಂಗೆ ಮೈ ಸರಿ ಇಲ್ವಂತೆ. ಅಣ್ಣ ಹೇಳಿ ಕಳ್ಸವ್ನೆ. ನಾಳೆ ಗಾಡಿಗೆ ನಮ್ಮೂರು ಶಿವನಿಗೆ ಹೋಗ್ಬತ್ತೀನಿ. ಒಸಿ ಬೇಗ ಓದಿ, ಬಟ್ಟೆ ಗಂಟು ಕಟ್ಬೇಕು."

ನಾನು ಹೊಸ ಕಟ್ಟು ಬಿಚ್ಚಿದೆ. ಕಣ್ಣಿಗೆ ಬಿದ್ದದ್ದು ಶಿವನಿಯ ಹೆಸರೇ! ಅಲ್ಲಿ ಪ್ಲೇಗು ಕಾಣಿಸಿಕೊಂಡು ಜನ ಊರು ಬಿಟ್ಟು ಹೊರಗೆ ಗುಡಿಸಲು ಹಾಕಿಕೊಂಡಿದ್ದಾರೆಂದು ಬರೆದಿತ್ತು. ನಿಜ ಹೇಳಬೇಕೆಂದರೆ, ನನಗೆ ಮೊದಲು ಆದದ್ದು ಭಯವಲ್ಲ, ಸಂತೋಷ. ಎರಡು ವರ್ಷದಿಂದ ಪರದೇಶದ ಊರುಗಳ ಹೆಸರನ್ನು ನಾಲಿಗೆ ತೊಡರಿಸಿಕೊಂಡು ಓದಿದವಳಿಗೆ ನಮ್ಮ ಪಕ್ಕದ ಶಿವನಿ ಅಚ್ಚಿನಲ್ಲಿ ಸಿಕ್ಕಿತ್ತು. ಗಂಟಲು ಸರಿಮಾಡಿಕೊಂಡು ಓದಿದೆ, ಒಮ್ಮೆಯಲ್ಲ, ಎರಡು ಸಲ.

ಸಿದ್ದಮ್ಮನ ಮುಖ ಬಿಳಿಚಿಹೋಯಿತು. "ಅಯ್ಯೋ ಶಿವನೇ! ಈ ವರ್ಸಾನೂ ಬಂತಾ! ಅವ್ವ ಅಲ್ಲವ್ಳಲ್ಲ! ಹೋಗ್ದೆ ಹೆಂಗಿರ್ಲಿ? ಈ ಕೂಸ್ನ ಎತ್ಕಂಡು ಹೋಗದಾದ್ರೂ ಹೆಂಗೆ?"

"ಹೋಗಲೇಬೇಡಿ. ದೊಡ್ಡವರು ದೇವರ ಕೈಯಲ್ಲಿದ್ದಾರೆ, ಮಗು ನಿಮ್ಮ ಕೈಯಲ್ಲಿದೆ" ಎಂದೆ. ಮಾತು ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಮೆಚ್ಚುಗೆಯಾಯಿತು. ಆಕೆ ಅಳುತ್ತ ಮನೆಗೆ ಹೋದಳು.

ಇಲ್ಲಿ ನನ್ನ ಒಂದು ಅಭ್ಯಾಸವನ್ನು ಹೇಳಬೇಕು. ಪತ್ರಿಕೆ ಬಂದ ಕೂಡಲೇ ಅದರ ತಲೆಯನ್ನು ಉದ್ದಕ್ಕೆ ಹರಿದು ಒಲೆ ಹೊತ್ತಿಸುವ ಚೂರುಗಳ ಬುಟ್ಟಿಗೆ ಹಾಕುತ್ತಿದ್ದೆ. ಅಲ್ಲಿರುವುದು ಪತ್ರಿಕೆಯ ಹೆಸರು, ತಾರೀಖು, ಚಂದಾ ವಿವರ. ಸೌದೆ ಹಸಿಯಾಗಿರುವ ಮನೆಯಲ್ಲಿ ಇವನ್ನೆಲ್ಲ ಇಟ್ಟುಕೊಂಡು ಏನು ಮಾಡುವುದು? ಮಂಗಳವಾರ ಬೆಳಿಗ್ಗೆ ಒಲೆಯ ಮುಂದೆ ಕುಳಿತು ಆ ಚೂರುಗಳಲ್ಲಿ ಒಂದನ್ನು ಸುರುಳಿ ಸುತ್ತುವಾಗ ತಾರೀಖು ಕಣ್ಣಿಗೆ ಬಿತ್ತು. ಹೋದ ವರ್ಷದ್ದು. ಆ ಚೂರನ್ನು ಹಿಂದಿನ ದಿನದ ಹಾಳೆಗೆ ಹೊಂದಿಸಿ ನೋಡಿದೆ. ಶಿವನಿಯ ಪ್ಲೇಗಿನ ಮೇಲೆ ಸರಿಯಾಗಿ ಕೂತಿತು. ನಮ್ಮವರನ್ನು ಕೇಳಿದರೆ, "ಅದಾ? ಲ್ಯಾಂಪಿನ ಗಾಜು ಸುತ್ತಿ ಬಂದದ್ದು. ಯಾಕೆ?" ಎಂದರು. ಏನಿಲ್ಲ ಎಂದೆ.

ಗಾಡಿ ಹೊರಡುವುದಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ನಮ್ಮ ಜಗಲಿಯಿಂದ ಸಿದ್ದಮ್ಮನ ಜಗಲಿಗೆ ಹನ್ನೆರಡು ಹೆಜ್ಜೆ. ಎದ್ದೆ, ಸೆರಗು ಸರಿಮಾಡಿಕೊಂಡೆ, ಹೊಸಿಲವರೆಗೆ ಹೋದೆ. ಹೋಗಿ ಏನೆನ್ನುವುದು? ಇಷ್ಟು ದಿನ ದೊರೆಗಳ ಗುಟ್ಟನ್ನೆಲ್ಲ ಹೇಳಿದವಳಿಗೆ ತಾರೀಖು ನೋಡಲು ಬರುವುದಿಲ್ಲ ಎನ್ನಲೇ? ನಾಳೆ ಹೊಸ ಕಟ್ಟು ಬರುತ್ತದಲ್ಲ, ಶಿವನಿಯಲ್ಲಿ ಪ್ಲೇಗು ನಿಂತಿತು ಎಂದು ಅದರಲ್ಲಿ ಏನಾದರೂ ಇದ್ದೇ ಇರುತ್ತದೆ, ಅದನ್ನು ಓದಿದರೆ ಆಕೆಯೂ ಊರಿಗೆ ಹೋದಂತಾಯಿತು, ನನ್ನ ಮಾನವೂ ಉಳಿದಂತಾಯಿತು. ಹೀಗೆ ಲೆಕ್ಕ ಹಾಕಿ ಒಳಗೆ ಬಂದು ರೊಟ್ಟಿ ತಟ್ಟಿದೆ. ಗಾಡಿ ಕೂಗಿಕೊಂಡು ಹೋಯಿತು. ಬುಧವಾರದ ಕಟ್ಟಿನಲ್ಲಿ ಶಿವನಿಯ ಸುಳಿವೇ ಇರಲಿಲ್ಲ. ಇಲ್ಲದ ಕಾಯಿಲೆ ಇಲ್ಲವೆಂದು ಯಾರು ತಾನೇ ಅಚ್ಚು ಹಾಕುತ್ತಾರೆ? ಇನ್ನೊಂದು ದಿನ ನೋಡೋಣ ಎಂದುಕೊಂಡೆ.

ಗುರುವಾರ ಬೆಳಿಗ್ಗೆ ಶಿವನಿಯಿಂದ ಆಳು ಬಂದ. ಬುಧವಾರ ಸಂಜೆ ತಾಯಿ ಹೋಗಿಬಿಟ್ಟಿದ್ದಳು. ಸಾವಿನ ಸುದ್ದಿ ಕೇಳಿದ ಮೇಲೆ ಸಿದ್ದಮ್ಮನಿಗೆ ಪ್ಲೇಗೂ ನೆನಪಾಗಲಿಲ್ಲ, ನಾನೂ ನೆನಪಾಗಲಿಲ್ಲ. ಕೂಸನ್ನು ಎದೆಗವಚಿಕೊಂಡು ಕೂದಲು ಬಿಚ್ಚಿಕೊಂಡೇ ಸ್ಟೇಷನ್ನಿಗೆ ಓಡಿದಳು. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಅಂದು ಒಲೆ ಹೊತ್ತಿಸಲಿಲ್ಲ. ಸಂಜೆಯ ಪ್ರಾರ್ಥನೆಯಲ್ಲಿ ಒಬ್ಬ ದೊರೆಯೂ ಬರಲಿಲ್ಲ. ನಮ್ಮವರು ಎರಡು ಕಣ್ಣನ್ನೂ ಬಿಟ್ಟು ನನ್ನನ್ನು ನೋಡಿದರು.

ಹದಿನೈದು ದಿನಗಳ ಮೇಲೆ ಸಿದ್ದಮ್ಮ ವಾಪಸು ಬಂದಳು. ಬಂದ ಮರುದಿನವೇ ಮೊರ ಹಿಡಿದು ಜಗಲಿಗೆ ಬಂದು ಕುಳಿತು, "ಓದಿ ರೂತಮ್ಮೋರೆ" ಎಂದಳು. ಪ್ಲೇಗಿನ ಮಾತನ್ನೇ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಓದಿದೆ. ಹೀಗೆ ಮೂರು ತಿಂಗಳು ಓದಿದೆ. ತಿಂಗಳಿಗೊಮ್ಮೆ ಶಿವಮೊಗ್ಗದಿಂದ ಪಾದ್ರಿಗಳು ಬಂದು ರೊಟ್ಟಿ ದ್ರಾಕ್ಷಾರಸ ಹಂಚುವ ಕರ್ತನ ಭೋಜನ ನಡೆಸುವಾಗ, ನೆರೆಯವರ ಜೊತೆ ಮನಸ್ಸು ಕೆಟ್ಟಿದ್ದರೆ ಮೊದಲು ಹೋಗಿ ಸರಿಮಾಡಿಕೊಂಡು ಬನ್ನಿ ಎಂದು ಎಲ್ಲರಿಗೂ ಹೇಳುತ್ತಿದ್ದರು. ನನಗೊಬ್ಬಳಿಗೇ ಹೇಳಿದಂತೆ ಕೇಳಿಸುತ್ತಿತ್ತು. ತಲೆನೋವೆಂದು ಎರಡು ಸಲ ಎದ್ದು ಹೊರಗೆ ಬಂದೆ. ಮೂರನೆಯ ಸಲಕ್ಕೆ ತಲೆನೋವೂ ಸಾಕಾಗಿ, ಅದರ ಹಿಂದಿನ ದಿನ ಗಟ್ಟಿ ಮನಸ್ಸು ಮಾಡಿ ಪತ್ರಿಕೆಯನ್ನು ಮಡಿಸಿಟ್ಟೆ.

"ಸಿದ್ದಮ್ಮ, ಆ ಪ್ಲೇಗಿನ ಸುದ್ದಿ ಹಳೆಯದು. ಹೋದ ವರ್ಷದ್ದು. ನಾನು ತಾರೀಖು ನೋಡದೆ ಓದಿಬಿಟ್ಟೆ" ಎಂದೆ. ಅಷ್ಟಕ್ಕೇ ಅಳು ಬಂತು. ಉಳಿದದ್ದನ್ನು ಹೇಳಲು ಉಸಿರು ಎಳೆದುಕೊಳ್ಳುತ್ತಿದ್ದೆ.

ಸಿದ್ದಮ್ಮ ಮೊರ ಕೆಳಗಿಟ್ಟಳು. "ಗೊತ್ತು ಕಣ್ರೀ. ಶಿವನೀಲಿ ಗಾಡಿ ಇಳೀತಿದ್ದಂಗೇ ಅಣ್ಣ ಹೇಳ್ದ. ಅವ್ವ ಎಲ್ಡು ದಿನ ಬಾಕ್ಲು ಕಡೀಗೇ ನೋಡ್ತಾ ಇದ್ಲಂತೆ" ಎಂದು ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. "ನೀವ್ಯಾಕೆ ಅಳ್ತೀರಿ? ಓದೋರೂ ಒಂದ್ಸಲ ತಪ್ಪೋದಿಲ್ವಾ? ಹಳೇದು ಅಂತ ನಿಮ್ಗೆ ಆವತ್ತೇ ಗೊತ್ತಾಗಿದ್ರೆ ಓಡ್ಬಂದು ನಂಗೆ ಹೇಳ್ತಿರ್ಲಿಲ್ವಾ?"

ಹೇಳುತ್ತಿದ್ದೆ ಎಂದೆ.