ಐದು ದಿನಕ್ಕೆ ಹೆಸರು ಕದ್ದವರು

ಮನುಷ್ಯನ ಹೆಸರನ್ನೂ ಕದಿಯುತ್ತಾರೆ ಅಂದರೆ ಯಾರೂ ನಂಬುವುದಿಲ್ಲ. ಎರಡು ಸಾವಿರದ ಐದು, ಆರರ ಆಸುಪಾಸಿನಲ್ಲಿ ತುಮಕೂರಿನ ಶಿರಾ ಗೇಟ್ ಹತ್ತಿರ ನಾನು ವೆಬ್‌ಸೈಟ್ ಮಾಡಿಕೊಡುವ ಅಂಗಡಿ ಇಟ್ಟಿದ್ದೆ. ಆಗ ನನ್ನ ಕಣ್ಣೆದುರೇ ಹೆಸರುಗಳು ಮಾಯವಾಗುತ್ತಿದ್ದವು. ಈಗ ನೆನೆಸಿಕೊಂಡರೂ ಬೆರಗಾಗುತ್ತದೆ.

ಕಡಬದ ಕೊಬ್ಬರಿ

ಗುಬ್ಬಿ ಕಡೆಯ ಕಡಬದಿಂದ ಕೊಬ್ಬರಿ ವ್ಯಾಪಾರಿಯೊಬ್ಬರು ಬಂದರು. ತಮ್ಮ ಹೆಸರು, ಊರು, ಕೊಬ್ಬರಿ ಮೂರನ್ನೂ ಸೇರಿಸಿದ ಡಾಟ್ ಕಾಮ್ ಬೇಕು ಅಂದರು. ಹುಡುಕಿದೆ, ಆ ಹೆಸರು ಇನ್ನೂ ಯಾರೂ ತಗೊಳ್ಳದೆ ಖಾಲಿ ಇತ್ತು. "ಮನೇಲಿ ಕೇಳ್ಕಂಡು ನಾಳೆ ಬರ್ತೀನಿ" ಅಂತ ಹೋದರು. ಮಾರನೇ ದಿನ ನೋಡಿದರೆ ಯಾವುದೋ ಹೊರದೇಶದ ಕಂಪನಿ ಅದನ್ನು ಎತ್ತಿಕೊಂಡಿತ್ತು! ನಾವು ಹುಡುಕಿದ್ದು ಅವರಿಗೆ ಹೇಗೋ ಗೊತ್ತಾಗಿತ್ತು.

ಅವರು ಬಂದ ಕೂಡಲೇ ವಿಷಯ ಹೇಳಿದೆ. ಅವರು ಬೈಯಲಿಲ್ಲ. ಸ್ಕ್ರೀನಿಗೆ ಮುಖ ತಂದು ಬಹಳ ಹೊತ್ತು ನೋಡಿದರು.

"ಪಕ್ಕದ ಗುಬ್ಬೀಲೇ ನನ್ ಕೊಬ್ರಿ ಕೇಳೋರಿಲ್ಲ. ಹೊರದೇಶದ ಗಂಟ ನನ್ ಹೆಸರು ಹೋಗೈತಾ!" ಅಂತ ಹಿಗ್ಗಿ, ನನಗೇ ಕಾಫಿ ಕುಡಿಸಿ ಹೋದರು.

ಸಾಹೇಬರ ಮಂಚ

ಈ ಹೆಸರುಗಳ್ಳತನದ ಗುಟ್ಟು ಇಷ್ಟೇ. ಹೆಸರು ನೋಂದಾಯಿಸಿ ಐದು ದಿನದೊಳಗೆ ಬೇಡ ಅಂದರೆ ಪೂರ್ತಿ ದುಡ್ಡು ವಾಪಸ್. ಅಕ್ಷರ ತಪ್ಪು ಮಾಡಿದವರಿಗೆಂದು ಇದ್ದ ಸೌಲಭ್ಯ ಅದು. ಕಿಲಾಡಿಗಳು ರಾಶಿ ರಾಶಿ ಹೆಸರು ಬಾಚಿಕೊಂಡು, ಆ ಹೆಸರಿನ ಪುಟಗಳ ತುಂಬ ಜಾಹೀರಾತು ಹಾಕಿ, ಜನ ತೆರೆದು ನೋಡಿದ ಹೆಸರು ಇಟ್ಟುಕೊಳ್ಳುತ್ತಿದ್ದರು, ನೋಡದ್ದನ್ನು ವಾಪಸ್ ಎಸೆಯುತ್ತಿದ್ದರು.

ಪಕ್ಕದ ಫರ್ನಿಚರ್ ಅಂಗಡಿಯ ಸಾಹೇಬರಿಗೆ ವಿವರಿಸಿದೆ.

"ಅಂದ್ರೆ ಮಂಚ ತಗೊಂಡೋಗಿ, ಐದು ದಿನ ಮಲಗಿ, ನಿದ್ದೆ ಬರ್ಲಿಲ್ಲ ಅಂತ ವಾಪಸ್ ತಂದಂಗೆ?"

"ಮಲಗೋದಲ್ಲ ಸಾಹೇಬ್ರೇ. ಬಾಡಿಗೆಗೆ ಬಿಟ್ಟು, ಬಾಡಿಗೆ ಜೇಬಿಗಾಕ್ಕೊಂಡು, ಆಮೇಲೆ ವಾಪಸ್ ತಂದಂಗೆ."

"ಯಾ ಅಲ್ಲಾ! ತಲೆ ಅಂದ್ರೆ ತಲೆ!" ಅಂತ ಹಣೆ ಮೇಲೆ ಕೈಯಿಟ್ಟು ಕೂತರು. ಸ್ವಲ್ಪ ಹೊತ್ತಿಗೆ ಎದ್ದು ಕೆಲಸದವರನ್ನು ಕೂಗಿದರು: "ಬೋರ್ಡಲ್ಲಿ ಬರೀರಪ್ಪಾ, ಮಾರಿದ ಮಂಚ ವಾಪಸ್ ತಗೊಳ್ಳಲ್ಲ!"

ಕುಣಿಗಲ್ಲಿನ ಕಾವಲು

ಕುಣಿಗಲ್ಲಿನ ಒಬ್ಬ ಯಜಮಾನರು ಹೊಸದಾಗಿ ಕಲ್ಯಾಣ ಮಂಟಪ ಕಟ್ಟಿಸಿದ್ದರು. ಹೆಸರು ನೋಂದಾಯಿಸುವ ಮುಂಚೆಯೇ ಪ್ರಾರಂಭೋತ್ಸವದ ಕಾರ್ಡಿನಲ್ಲಿ ವೆಬ್‌ಸೈಟ್ ವಿಳಾಸ ಅಚ್ಚು ಹಾಕಿಸಿಬಿಟ್ಟಿದ್ದರು. ನನ್ನ ಹತ್ತಿರ ಬರುವಷ್ಟರಲ್ಲಿ ಆ ಹೆಸರೂ ಕಿಲಾಡಿ ಕಂಪನಿಯೊಂದರ ಪಾಲಾಗಿತ್ತು. ತೆರೆದರೆ ಮಂಟಪದ ಬದಲು ಬೊಜ್ಜು ಕರಗಿಸುವ ಮಾತ್ರೆಯ ಜಾಹೀರಾತು! ಯಜಮಾನರ ಮುಖ ಬಾಡಿಹೋಯಿತು.

"ಕಾರ್ಡು ಹಂಚ್ಬೇಡಿ," ಅಂದೆ. "ಐದು ದಿನ ಯಾರೂ ಆ ಸೈಟು ತೆರೆದು ನೋಡದಿದ್ರೆ ಅವ್ನೇ ಬಿಟ್ಟುಬಿಡ್ತಾನೆ. ತಕ್ಷಣ ನಾವು ಹಿಡ್ಕೊಳ್ಳೋಣ."

"ಅಷ್ಟೇನಾ? ಒಂದು ನರಪಿಳ್ಳೆ ನೋಡ್ದಂಗೆ ಕಾಯ್ತೀನಿ ಬುಡಿ."

ಐದು ದಿನದ ಗಡುವು ಮುಗಿಯಿತು. ಆ ಕಂಪನಿ ಹೆಸರು ಬಿಟ್ಟಿರಲಿಲ್ಲ. ಸಾಲದ್ದಕ್ಕೆ ಇನ್ನಷ್ಟು ಜಾಹೀರಾತು ತುಂಬಿತ್ತು. ಫೋನ್ ಮಾಡಿದೆ.

"ಯಜಮಾನ್ರೇ, ಯಾರೋ ಸಿಕ್ಕಾಪಟ್ಟೆ ನೋಡವ್ರೆ!"

"ಚಾನ್ಸೇ ಇಲ್ಲ ಸಾರ್! ಕಾರ್ಡೆಲ್ಲ ಬೀರೂಲಿ ಬೀಗ ಹಾಕಿಟ್ಟಿದೀನಿ. ಹೊರಗಿನೋರು ಒಬ್ರೂ ನೋಡಿಲ್ಲ. ನಾನು, ನಮ್ ಮೂರು ಜನ ಬಾಮೈದ್ರು ಪಾಳಿ ಮೇಲೆ ಬ್ರೌಸಿಂಗ್ ಸೆಂಟರಲ್ಲಿ ಕೂತು, ಬುಟ್ಟವ್ನಾ ಬುಟ್ಟವ್ನಾ ಅಂತ ಬೆಳಿಗ್ಗೆಯಿಂದ ಸಂಜೆಗಂಟ ಆ ಸೈಟ್ನೇ ತೆಗ್ದು ತೆಗ್ದು ನೋಡ್ತಾ ಇದೀವಲ್ಲ!"